ಬಾತುಕೋಳಿಯ ವೆಬ್‌ಸೈಟಿಗೆ ಬಂದವರು

ಬಾತುಕೋಳಿಗಳಾದ ನಮ್ಮ ಮನೆತನ ಏಳು ತಲೆಮಾರಿನಿಂದ ಈ ಕೆರೆಯಲ್ಲಿ ಮರ್ಯಾದೆಯಿಂದ ಬಾಳಿದೆ. ನಮ್ಮ ಅಜ್ಜಿಯವರು ಸಾಲು ತಪ್ಪಿ ಈಜಿದ್ದನ್ನು ಯಾರೂ ಕಂಡಿಲ್ಲ. ಆ ಶಿಸ್ತು ಎಲ್ಲರಿಗೂ ಬರಲೆಂದು ನಾನು ಈಜಿನ ಪಾಠಗಳ ವೆಬ್‌ಸೈಟ್ ತೆರೆದೆ. ಬಂದುಹೋಗುವವರನ್ನು ಎಣಿಸಲು ಇರುವೆಯನ್ನು ನೇಮಿಸಿದೆ.

ಮೊದಲ ವಾರ ನೂರ ಹನ್ನೆರಡು ಭೇಟಿ ಎಂದು ಇರುವೆ ವರದಿ ಕೊಟ್ಟಿತು. ಅದನ್ನು ನಾನು ಕೆರೆಯ ದಂಡೆಯಲ್ಲಿ ಎಲ್ಲರೆದುರು ಓದಿದೆ.

"ಅಮ್ಮಾವ್ರೇ, ಅದರಲ್ಲಿ ನೀವೇ ಹೋಗಿ ನೋಡಿದ್ದು ಎಷ್ಟು ಸಲ?" ಎಂದು ಹುಂಜ ಕೇಳಿತು.

ಇರುವೆಗೆ ಸುಳ್ಳು ಬಾರದು. "ನೂರ ಒಂಬತ್ತು ಸಲ. ಯಾರಾದರೂ ಬಂದರೋ ಎಂದು ನೋಡಲು ಅಮ್ಮನವರೇ ಬರುತ್ತಿದ್ದರು. ಅವರನ್ನು ಎಣಿಸಬೇಡ ಎಂದು ನನಗೆ ಹೇಳಿರಲಿಲ್ಲ."

"ಈಗ ಹೇಳುತ್ತಿದ್ದೇನೆ. ನನ್ನನ್ನು ಬಿಟ್ಟು ಎಣಿಸು," ಎಂದೆ.

ಉಳಿದದ್ದು ಮೂರು. ಹುಂಜ ರೆಕ್ಕೆ ಬಡಿದು ನಕ್ಕಿತು. "ಏಳು ತಲೆಮಾರಿನ ಮನೆತನಕ್ಕೆ ಮೂರೇ ಭೇಟಿ! ತಲೆಮಾರಿಗೆ ಅರ್ಧವೂ ಬರಲಿಲ್ಲವಲ್ಲ!"

"ಮೂರೂ ಒಬ್ಬರದೇ," ಎಂದಿತು ಇರುವೆ. "ಕೋಳಿಗೂಡಿನಿಂದ, ಬೆಳಗಿನ ಮೊದಲ ಕೂಗಿಗೂ ಮುಂಚೆ ಬಂದಿದ್ದಾರೆ. 'ನೀರಿಗೆ ಹೆದರುವವರಿಗೆ' ಎಂಬ ಪಾಠವನ್ನು ಮೂರು ಸಲವೂ ಕೊನೆಯವರೆಗೆ ಓದಿದ್ದಾರೆ."

ಆ ಹೊತ್ತಿಗೆ ಗೂಡಿನಲ್ಲಿ ಎದ್ದಿರುವವರು ಒಬ್ಬರೇ. ದಂಡೆಯಲ್ಲಿದ್ದವರೆಲ್ಲ ಹುಂಜದ ಕಡೆ ತಿರುಗಿದರು. ಅದರ ಜುಟ್ಟು ಬಾಗಿತು.

ನನಗೆ ಸಮಾಧಾನವಾಯಿತು. ಮೂರು ಸಲ ಕೊನೆಯವರೆಗೆ ಓದುವ ಒಬ್ಬ ವಿದ್ಯಾರ್ಥಿ ನನಗೆ ಸಾಕು.

"ಹುಂಜಪ್ಪನವರೇ, ನಾಳೆ ಬೆಳಿಗ್ಗೆ ಇಲ್ಲಿಗೆ ಬನ್ನಿ. ನಿಮ್ಮನ್ನು ನೀರಿಗೆ ಇಳಿಸುವುದು ನನ್ನ ಜವಾಬ್ದಾರಿ," ಎಂದೆ. "ಈಗ ಎಲ್ಲರೆದುರು ನನ್ನ ಕ್ಷಮೆ ಕೇಳಿ."