ಚಪ್ಪಲಿ ಕಾಯುವ ಪಿಳ್ಳಪ್ಪ ವೈನಿನ ರುಚಿ ನೋಡಿದ್ದು

ಅವತ್ತು ಬುಧವಾರ. ಬೆಳಗ್ಗೆ ರಾಗಿ ಮುದ್ದೆ, ಹುರುಳಿಕಾಳಿನ ಸಾರು. ಎಂದಿನಂತೆ ಮುನಿನಂಜಮ್ಮನ ಗಂಡ ಕೆರೆಗೆ ಹೋದ, ಎಂದಿನಂತೆ ಮಗ ಪಿಳ್ಳಪ್ಪ ಹಿಂದೆ ಹೋದ. ಏರಿಯ ಮೇಲೆ ಅಪ್ಪ ಚಪ್ಪಲಿ ಬಿಟ್ಟ.

"ನಾನು ಬರೋವರೆಗೂ ಚಪ್ಪಲಿ ನೋಡ್ಕೊಂಡಿರು ಮಗ," ಎಂದ. ಜೊಂಡಿಗೆ ಸಿಕ್ಕಿದ ಬಲೆ ಬಿಡಿಸಲು ನೀರಿಗಿಳಿದ.

ಬರಲಿಲ್ಲ.

ಊರವರು ಓಡಿ ಬಂದರು, ಹಗ್ಗ ತಂದರು, ಕೂಗಿದರು, ಮುಳುಗಿ ಹುಡುಕಿದರು. ಪಿಳ್ಳಪ್ಪ ಮಾತ್ರ ಕದಲಲಿಲ್ಲ. ಚಪ್ಪಲಿ ನೋಡುತ್ತ ಕೂತ.

"ಲೇ, ಏಳೋ!"

"ಅಪ್ಪ ಬರಲಿ."

ಅಪ್ಪನನ್ನು ಮಣ್ಣು ಮಾಡುವಾಗಲೂ ಚಪ್ಪಲಿ ಅವನ ಕಂಕುಳಲ್ಲಿತ್ತು. ಆಮೇಲೆ ಒಂದು ಬಟ್ಟೆಯ ಚೀಲಕ್ಕೆ ಬಂತು. ಚೀಲ ಅವನ ಹೆಗಲಿಗೆ ಬಂತು. ಅವನು ಹೋದಲ್ಲಿ ಅದೂ ಹೋಯಿತು. ಹೀಗೆ ನಾಲ್ಕು ವರ್ಷ.

ಇದು ಆ ಪಿಳ್ಳಪ್ಪನ ಕತೆ. ಮುಖ ಸಪ್ಪೆ ಮಾಡಬೇಡಿ, ನಗುವ ಕತೆಯೇ.

ಪಿಳ್ಳಪ್ಪನಿಗೆ ಈಗ ಇಪ್ಪತ್ತೇಳು ವರ್ಷ. ಎತ್ತರ ಐದು ಅಡಿ ಒಂಬತ್ತು ಅಂಗುಲ. ಹೊರೆ ಹೊರುತ್ತಾನೆ, ಸೌದೆ ಸೀಳುತ್ತಾನೆ, ಸುಳ್ಳು ಹೇಳುವುದಿಲ್ಲ. ಒಂದೇ ತೊಂದರೆ. ಅವನ ತಲೆಯಲ್ಲಿ ಒಂದು ಸಲಕ್ಕೆ ಒಂದೇ ಮಾತಿಗೆ ಜಾಗ. ಹೊಸ ಮಾತು ಒಳಗೆ ಹೋದರೆ ಹಳೆಯ ಮಾತು ಹೊರಗೆ. ಅಪ್ಪನ ಮಾತೊಂದು ಉಳಿದಿತ್ತು, ಅದು ಚೀಲದಲ್ಲಿತ್ತು.

"ನಾನು ಹೋದ ಮೇಲೆ ಇವನಿಗೆ ಯಾರಪ್ಪಾ ದಿಕ್ಕು?" ಎಂದು ಮುನಿನಂಜಮ್ಮ ದಿನಾ ಹಣೆ ಬಡಿದುಕೊಳ್ಳುತ್ತಿದ್ದಳು. ಹನ್ನೊಂದು ಕಡೆ ಹೆಣ್ಣು ಕೇಳಿದಳು. ಹನ್ನೊಂದು ಕಡೆಯೂ ಇಲ್ಲ ಅಂದರು.

ಹನ್ನೆರಡನೆಯದು ತಾನಾಗಿ ಬಂತು. ಕೆರೆಯ ಆಚೆ ದಡದಲ್ಲಿ ದ್ರಾಕ್ಷಿ ತೋಟ. ತೋಟಕ್ಕೆ ಸೇರಿದ ಹಾಗೆ ವೈನ್ ಮಾಡುವ ಕಾರ್ಖಾನೆ. ಅಲ್ಲಿಯ ಮೇಸ್ತ್ರಿ ಅಂಜಿನಪ್ಪ. ಅವನ ತಂಗಿಯ ಮಗಳು ಅನಸೂಯ ಅಲ್ಲೇ ಗ್ಲಾಸು ತೊಳೆಯುವ ಕೆಲಸಕ್ಕಿದ್ದಳು. ತಂದೆ ತಾಯಿ ಇಲ್ಲ, ಮಾವನೇ ಸಾಕಿದ್ದ.

"ಅಕ್ಕಾ, ಮನೆಗೆ ಬಂದು ಉಪ್ಪಿಟ್ಟು ಕೇಸರಿಬಾತು ತಿಂದು ಹೋಗೋ ಶಾಸ್ತ್ರ ಬೇಡ," ಎಂದ ಅಂಜಿನಪ್ಪ ಮುನಿನಂಜಮ್ಮನಿಗೆ. "ಹೋದ ಸಲ ಒಬ್ಬರು ಬಂದು ತಿಂದು, ಶುಕ್ರವಾರ ಹೇಳ್ತೀವಿ ಅಂತ ಹೋದವರು ತಿರುಗಿ ಬರಲೇ ಇಲ್ಲ. ಈ ಸಲ ಹೊಸ ರೀತಿ. ಭಾನುವಾರ ಅರ್ಧ ದಿನ, ಆರಾಮಾಗಿ. ಬೆಳಗ್ಗೆ ಕೆರೆ ನೋಡೋಣ. ಆಮೇಲೆ ನಮ್ಮ ಕಾರ್ಖಾನೇಲಿ ವೈನ್ ರುಚಿ ನೋಡೋಣ. ತಿಂಗಳಿಗೊಂದು ದಿನ ಕೆಲಸದವರ ಮನೆಯವರಿಗೆ ಪುಕ್ಕಟೆ."

"ಅಯ್ಯಯ್ಯೋ! ಹೆಣ್ಣು ನೋಡೋಕೆ ಹೋಗಿ ಹೆಂಡ ಕುಡಿಯೋದಾ?"

"ಕುಡಿಯೋದಲ್ಲ ಅಕ್ಕಾ, ರುಚಿ ನೋಡಿ ಉಗುಳೋದು."

"ಉಗುಳೋದಾದರೆ ಬಾಯಿಗ್ಯಾಕೆ ಹಾಕ್ಕೋಬೇಕು?"

ಆದರೂ ಮುನಿನಂಜಮ್ಮ ಒಪ್ಪಿದಳು. ಹದಿಮೂರನೆಯ ಕಡೆ ಎಲ್ಲಿದೆ?

ಭಾನುವಾರ ಎಂಟೂವರೆಗೆ ಏರಿಯ ಮೇಲೆ ಸೇರಿದರು. ಅಂಜಿನಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟಿದ್ದ. ಅವನ ಹೆಂಡತಿ ಅಕ್ಕಯ್ಯಮ್ಮ ಅರಿಸಿನ ಬಣ್ಣದ ರೇಷ್ಮೆ ಸೀರೆಯಲ್ಲಿದ್ದಳು. ಅನಸೂಯ ಕೆಲಸದಲ್ಲಿದ್ದಳು, ಹನ್ನೊಂದಕ್ಕೆ ಸಿಗುತ್ತಾಳೆ.

ಮುನಿನಂಜಮ್ಮ ನೀರಿನ ಹತ್ತಿರ ಹೋಗುವುದಿಲ್ಲ. ಹೊಂಗೆಮರದ ಕೆಳಗೆ ನಿಂತು ಮಗನ ಕೈ ಹಿಡಿದಳು. "ಹುಷಾರು ಕಂದ. ಕಾಲು ಜಾರಿದರೆ ಪಕ್ಕದಲ್ಲಿ ಏನಿದೆಯೋ ಅದನ್ನ ಗಟ್ಟಿಯಾಗಿ ಹಿಡ್ಕೋ. ಏನೇ ಆದರೂ ಬಿಡಬೇಡ!"

"ಆಗಲಮ್ಮಾ." ಮಾತು ಒಳಗೆ ಹೋಯಿತು.

"ಬನ್ನಿ ಅಳಿಯಂದಿರೇ," ಎಂದ ಅಂಜಿನಪ್ಪ. ಕೆರೆಗಿಳಿಯುವ ಮೆಟ್ಟಿಲು ಪಾಚಿ ಕಟ್ಟಿತ್ತು. ಎರಡನೆಯ ಮೆಟ್ಟಿಲಲ್ಲಿ ಪಿಳ್ಳಪ್ಪನ ಕಾಲು ಜಾರಿತು. ಪಕ್ಕದಲ್ಲಿ ಏನಿತ್ತು? ಅಂಜಿನಪ್ಪನ ಪಂಚೆ ಇತ್ತು. ಗಟ್ಟಿಯಾಗಿ ಹಿಡಿದುಕೊಂಡ.

"ಬಿಡಿ, ಬಿಡಿ ಅಳಿಯಂದಿರೇ!"

"ಬಿಡಲ್ಲ!"

"ಬಿಡಯ್ಯಾ, ಜಾರ್ತಾ ಇದೆ!"

"ಜಾರಿದರೆ ಬಿಡಬಾರದು!"

ಪಿಳ್ಳಪ್ಪ ಬೀಳಲಿಲ್ಲ. ಪಂಚೆ ಬಿತ್ತು. ಬಟ್ಟೆ ಒಗೆಯುತ್ತಿದ್ದ ನಾಲ್ವರು ಹೆಂಗಸರು ಒಗೆಯುವುದನ್ನು ನಿಲ್ಲಿಸಿದರು. ಚಡ್ಡಿಯಲ್ಲಿ ನಿಂತ ಅಂಜಿನಪ್ಪ ಪಂಚೆ ಕಿತ್ತುಕೊಂಡು ಸುತ್ತಿಕೊಂಡ.

"ಹಿರಿಯರ ಹತ್ತಿರ ಹೀಗಾ ನಡ್ಕೊಳ್ಳೋದು? ಮೂರು ಮಾರು ದೂರ ನಿಂತು, ಕೈ ಮುಗಿದು, ನಮಸ್ಕಾರ ಅನ್ನಬೇಕು. ತಿಳೀತಾ?"

"ತಿಳೀತು ಮಾವ." ಹೊಸ ಮಾತು ಒಳಗೆ, ಹಳೆಯ ಮಾತು ಹೊರಗೆ.

ದಡದಲ್ಲಿ ಒಂದು ತೆಪ್ಪ ಇತ್ತು, ಬಿದಿರಿನದು, ಬುಟ್ಟಿಯಂತೆ ದುಂಡಗೆ. ಅಂಜಿನಪ್ಪ ಹೆಂಡತಿಯನ್ನು ಹತ್ತಿಸಿ ತಾನೂ ಹತ್ತಿದ. ತೆಪ್ಪದವನು ಹುಟ್ಟು ತರಲು ಗುಡಿಸಲಿಗೆ ಹೋದ. ಅಷ್ಟರಲ್ಲಿ ಗೂಟದಿಂದ ಹಗ್ಗ ಕಳಚಿತು. ತೆಪ್ಪ ಮೆಲ್ಲಗೆ ಹೊರಟಿತು.

ಅಂಜಿನಪ್ಪ ಹಗ್ಗದ ತುದಿ ದಡಕ್ಕೆ ಎಸೆದ. "ಹಿಡಿಯಪ್ಪಾ ಪಿಳ್ಳಪ್ಪಾ!"

ಪಿಳ್ಳಪ್ಪ ಹಿಂದಕ್ಕೆ ಸರಿದ. ಒಂದು ಮಾರು, ಎರಡು ಮಾರು, ಮೂರು ಮಾರು. ಚೀಲ ಹೆಗಲಿಗೇರಿಸಿ ಕೈ ಮುಗಿದ.

"ನಮಸ್ಕಾರ!"

ತೆಪ್ಪ ಒಂದು ಸುತ್ತು ತಿರುಗಿತು. ಅಂಜಿನಪ್ಪನ ಮುಖ ಮತ್ತೆ ದಡದ ಕಡೆ ಬಂತು. "ಹಗ್ಗ ಹಿಡಿಯೋ!"

"ನಮಸ್ಕಾರ!"

"ಅಯ್ಯೋ, ನಮ್ಮನ್ನ ಕಳಿಸಿಕೊಡ್ತಾ ಇದಾನೆ ಕಣ್ರೀ!" ಎಂದು ಅಕ್ಕಯ್ಯಮ್ಮ ಅತ್ತಳು.

"ನಮಸ್ಕಾರ!"

ಹುಟ್ಟು ಹಿಡಿದು ತೆಪ್ಪದವನು ಓಡಿ ಬರುವಷ್ಟರಲ್ಲಿ ಹನ್ನೊಂದು ಸುತ್ತು, ಹನ್ನೊಂದು ನಮಸ್ಕಾರ. ಅವನು ಎದೆಮಟ್ಟ ನೀರಿಗಿಳಿದು ತೆಪ್ಪವನ್ನು ಎಳೆದು ತಂದ.

ಅಂಜಿನಪ್ಪನಿಗೆ ತಲೆ ಇನ್ನೂ ತಿರುಗುತ್ತಿತ್ತು. "ಲೇ! ಯಾರಾದರೂ ಏನಾದರೂ ಚಾಚಿದರೆ ಎರಡೂ ಕೈಯಲ್ಲಿ ಹಿಡಿದು, ಜೋರಾಗಿ ನಿನ್ನ ಕಡೆ ಎಳ್ಕೋಬೇಕು!"

"ಎಳ್ಕೋತೀನಿ ಮಾವ." ಹೊಸ ಮಾತು ಒಳಗೆ, ಹಳೆಯ ಮಾತು ಹೊರಗೆ.

ಕೆರೆ ಬಳಸಿ ಹೋಗುವ ಬಸ್ಸು ಹತ್ತಿ, ಹನ್ನೊಂದಕ್ಕೆ ಕಾರ್ಖಾನೆ ಮುಟ್ಟಿದರು. ಮುಂದೆ ಏಳು ಮೆಟ್ಟಿಲು. ಒಳಗೆ ಉದ್ದದ ಮೇಜು, ಅದರ ಮೇಲೆ ಗ್ಲಾಸುಗಳು, ಒಂದು ಬಿಳಿ ಕಾಗದ, ಉಗುಳಲು ಒಂದು ತಗಡಿನ ಡಬ್ಬ. ರುಚಿ ಹೇಳಿಕೊಡಲು ಒಬ್ಬ ಹುಡುಗಿ ನಿಂತಿದ್ದಳು, ಕಪ್ಪು ಕೋಟು ಹಾಕಿಕೊಂಡು.

"ಸ್ವಾಗತ ಸರ್," ಎಂದು ಕೆಂಪು ವೈನಿನ ಗ್ಲಾಸನ್ನು ಪಿಳ್ಳಪ್ಪನ ಕಡೆ ಚಾಚಿದಳು.

ಪಿಳ್ಳಪ್ಪ ಎರಡೂ ಕೈಯಲ್ಲಿ ಹಿಡಿದ. ಜೋರಾಗಿ ಎಳೆದ. ಗ್ಲಾಸೂ ಬಂತು, ಹುಡುಗಿಯೂ ಬಂದಳು. ವೈನು ಇಬ್ಬರ ಮೇಲೂ ಬೀಳದೆ, ನೇರವಾಗಿ ಅಕ್ಕಯ್ಯಮ್ಮನ ಸೀರೆಯ ಮೇಲೆ ಬಿತ್ತು.

"ನನ್ನ ಮದುವೇ ಸೀರೆ!"

"ಹಾಳಾದೋನೇ!" ಎಂದು ಮುನಿನಂಜಮ್ಮ ಮಗನ ಬೆನ್ನಿಗೆ ಒಂದು ಗುದ್ದಿದಳು. "ಅಮ್ಮಣ್ಣೀ, ಇವನಿಗೆ ನೀನೇ ಸರಿಯಾಗಿ ಹೇಳಿಕೊಡಮ್ಮಾ. ಲೇ, ಅವಳು ಹೇಳಿದ ಹಾಗೆ ಮಾಡೋ!"

ಹುಡುಗಿ ಒಳ್ಳೆಯವಳು. ಕೋಟು ಸರಿಮಾಡಿಕೊಂಡು ಬಿಡಿಬಿಡಿಯಾಗಿ ಹೇಳಿದಳು. "ಸರ್, ಮೊದಲು ಬಿಳಿ ಕಾಗದ ಹಿಂದೆ ಹಿಡಿದು ಬಣ್ಣ ನೋಡಬೇಕು. ಆಮೇಲೆ ಅಲ್ಲಾಡಿಸಬೇಕು. ಆಮೇಲೆ ಮೂಸಬೇಕು. ಒಂದು ಗುಟುಕು ಬಾಯಲ್ಲಿ ಆಡಿಸಿ ಡಬ್ಬಕ್ಕೆ ಉಗುಳಬೇಕು. ಕೊನೆಗೆ ನಿಮಗೆ ಏನನ್ನಿಸಿತೋ ಅದನ್ನೇ ಹೇಳಬೇಕು."

ಹೊಸ ಮಾತು ಒಳಗೆ ಹೋಯಿತು.

ಪಿಳ್ಳಪ್ಪ ನೋಡಿದ, ಅಲ್ಲಾಡಿಸಿದ, ಮೂಸಿದ, ಆಡಿಸಿದ, ಉಗುಳಿದ. "ನೇರಳೆ ಹಣ್ಣು," ಎಂದ.

"ಸರಿ ಸರ್!"

ಎರಡನೆಯದು. "ಮೊದಲ ಮಳೆ ಬಿದ್ದ ಕೆಮ್ಮಣ್ಣು."

"ಅಬ್ಬಾ! ಸರಿ ಸರ್!"

ಮೂರನೆಯದನ್ನು ಬಾಯಲ್ಲಿ ಬಹಳ ಹೊತ್ತು ಆಡಿಸಿದ. ಉಗುಳಿದ.

"ಏನನ್ನಿಸಿತು ಸರ್?"

"ಅಪ್ಪನ ಚಪ್ಪಲಿ."

ಅಂಜಿನಪ್ಪ ಹೋ ಎಂದು ನಕ್ಕ. ಹುಡುಗಿ ನಗಲಿಲ್ಲ. ವೈನುಗಳ ವಿವರ ಬರೆದಿದ್ದ ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದಳು. "ನೋಡಿ, ಹಳೇ ಚರ್ಮದ ವಾಸನೆ ಅಂತಾನೇ ಬರೆದಿದೆ! ಮೂರು ವರ್ಷದಲ್ಲಿ ಯಾರೂ ಇದನ್ನ ಕಂಡುಹಿಡಿದಿರಲಿಲ್ಲ!"

ಮಗನನ್ನು ಹೊರಗಿನವರು ಹೊಗಳಿದ್ದು ಮುನಿನಂಜಮ್ಮ ಅದೇ ಮೊದಲು ಕೇಳಿದ್ದು. ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಅಂಜಿನಪ್ಪ ಅಷ್ಟರಲ್ಲಿ ತನ್ನ ಪಾಲಿನ ಐದೂ ಗ್ಲಾಸು ಮುಗಿಸಿದ್ದ. ಒಂದು ತೊಟ್ಟೂ ಉಗುಳಿರಲಿಲ್ಲ.

ಆಗ ಅನಸೂಯ ಕಾಫಿ ತಂದಳು. ಕೈ ಒರೆಸಿಕೊಂಡಿದ್ದರೂ ಬೆರಳುಗಳು ನೀರಲ್ಲಿ ನೆನೆದು ಬೆಳ್ಳಗಿದ್ದವು. ಲೋಟ ಪಿಳ್ಳಪ್ಪನಿಗೆ ಕೊಟ್ಟಳು.

ಪಿಳ್ಳಪ್ಪ ಬಿಳಿ ಕಾಗದ ತೆಗೆದುಕೊಂಡ.

"ಬೇಡ ಕಣೋ..." ಎಂದಳು ಮುನಿನಂಜಮ್ಮ.

ನೋಡಿದ. ಅಲ್ಲಾಡಿಸಿದ. ಮೂಸಿದ. ಬಾಯಲ್ಲಿ ಆಡಿಸಿದ. ಡಬ್ಬಕ್ಕೆ ಪುಳಕ್ಕನೆ ಉಗುಳಿದ. "ಡಿಕಾಕ್ಷನ್ ನಿನ್ನೇದು. ಹಾಲು ತಳ ಹಿಡಿದಿದೆ."

ಎಲ್ಲರೂ ಅನಸೂಯಳ ಕಡೆ ನೋಡಿದರು.

"ಹೌದು," ಎಂದಳು ಅನಸೂಯ. "ಹಿಡಿದಿತ್ತು."

ಅಂಜಿನಪ್ಪ ಮೇಜು ಗುದ್ದಿದ. "ಕಾಫಿ ಹಾಳಾಗಲಿ! ನೀನು ನೋಡೋಕೆ ಬಂದಿರೋದು ಹುಡುಗೀನ! ಹುಡುಗೀನ ನೋಡಯ್ಯಾ!"

"ಆಗಲಿ ಮಾವ." ಪಿಳ್ಳಪ್ಪ ಎದ್ದ. ಬಿಳಿ ಕಾಗದವನ್ನು ಅನಸೂಯಳ ತಲೆಯ ಹಿಂದೆ ಹಿಡಿದ. ಕುತ್ತಿಗೆ ಓರೆ ಮಾಡಿ ನೋಡಿದ. "ಬಣ್ಣ ಚೆನ್ನಾಗಿದೆ," ಎಂದ. ಕಾಗದ ಕೆಳಗಿಟ್ಟು ಅವಳ ಎರಡೂ ಭುಜಗಳ ಕಡೆ ಕೈ ಚಾಚಿದ.

ನೋಡಿದ ಮೇಲೆ ಅಲ್ಲಾಡಿಸಬೇಕಲ್ಲ!

"ಅಯ್ಯೋ ಬಿಡೋ!" ಮುನಿನಂಜಮ್ಮ ಕುರ್ಚಿ ಬೀಳಿಸಿಕೊಂಡು ಓಡಿ ಬಂದು ಅವನ ಕೈಗೆ ಹೊಡೆದಳು. ಅನಸೂಯ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಮುನಿನಂಜಕ್ಕಾ," ಎಂದ ಅಂಜಿನಪ್ಪ, ನಾಲಿಗೆ ಸ್ವಲ್ಪ ತೊದಲುತ್ತಿತ್ತು, "ಈ ಸಂಬಂಧ ಇಲ್ಲಿಗೆ ಸಾಕು. ಊಟ ಮಾಡ್ಕೊಂಡು ಹೋಗಿ."

ಹನ್ನೆರಡನೆಯದೂ ಹೋಯಿತು. ಮುನಿನಂಜಮ್ಮ ಮಗನನ್ನು ಹೊರಗೆ ತಳ್ಳಿದಳು. "ಇಲ್ಲೇ ಕೂತಿರು. ಎಲೆ ಹಾಕಿದಾಗ ಕರೀತಾರೆ. ಉಣ್ಣು. ಉಂಡೆದ್ದು ಸೀದಾ ಬಸ್ಸು ಹತ್ತು. ಹಿಂದಕ್ಕೆ ತಿರುಗಿ ನೋಡಿದೆಯೋ, ನಾನು ನಿನ್ನ ತಾಯಿ ಅಲ್ಲ!"

"ನೋಡಲ್ಲಮ್ಮಾ." ಹೊಸ ಮಾತು ಒಳಗೆ, ಹಳೆಯ ಮಾತು ಹೊರಗೆ.

ಪಿಳ್ಳಪ್ಪ ಮೆಟ್ಟಿಲ ಮೇಲೆ ಕೂತ. ಚೀಲದಿಂದ ಚಪ್ಪಲಿ ತೆಗೆದು ಮೂರನೆಯ ಮೆಟ್ಟಿಲಲ್ಲಿ ಜೋಡಿಸಿಟ್ಟ. ಅನಸೂಯ ಬಾಗಿಲ ಹಿಂದಿನಿಂದ ನೋಡಿದಳು. ಆಮೇಲೆ ಹೊರಗೆ ಬಂದಳು.

"ಇದೇನಾ, ನೀವು ವೈನಲ್ಲಿ ಕಂಡುಹಿಡಿದದ್ದು?"

"ಹೂಂ. ಅಪ್ಪಂದು. ನಾನು ಬರೋವರೆಗೂ ನೋಡ್ಕೊಂಡಿರು ಅಂದ."

"ಯಾವಾಗ ಅಂದರು?"

"ನಾಲ್ಕು ವರ್ಷ ಆಯ್ತು."

ಅನಸೂಯ ಎರಡು ಮೆಟ್ಟಿಲು ಮೇಲೆ ಕೂತಳು. "ನನಗೂ ಒಬ್ಬರು ಶುಕ್ರವಾರ ಹೇಳ್ತೀವಿ ಅಂದಿದ್ದರು," ಎಂದಳು.

"ಯಾವ ಶುಕ್ರವಾರ?"

"ಅದನ್ನ ಕೇಳೋಕೆ ನಮಗೆ ಹೊಳೀಲಿಲ್ಲ."

"ಕೇಳಬೇಕಿತ್ತು," ಎಂದ ಪಿಳ್ಳಪ್ಪ.

ಒಳಗಿನಿಂದ ಅಕ್ಕಯ್ಯಮ್ಮ ಕೂಗಿದಳು. "ಎಲೆ ಹಾಕಿದೆ!"

ಪಿಳ್ಳಪ್ಪ ಚಪ್ಪಲಿ ಎತ್ತಿಕೊಳ್ಳಲು ಬಗ್ಗಿದ.

"ಊಟದೆಲೆ ಮುಂದೆ ಚಪ್ಪಲಿ ಬೇಡ," ಎಂದಳು ಅನಸೂಯ. "ಉಂಡು ಬನ್ನಿ. ನೀವು ಬರೋವರೆಗೂ ನಾನು ನೋಡ್ಕೊಂಡಿರ್ತೀನಿ."

ಪಿಳ್ಳಪ್ಪ ಚಪ್ಪಲಿ ನೋಡಿದ. ಅವಳನ್ನು ನೋಡಿದ. "ಹೂಂ," ಎಂದ. ಒಳಗೆ ಹೋದ. ಮುದ್ದೆ ಉಂಡ, ಅನ್ನ ಉಂಡ, ಪಾಯಸ ಎರಡು ಸಲ ಹಾಕಿಸಿಕೊಂಡ. ಎದ್ದು ಹಿಂಬಾಗಿಲಲ್ಲಿ ಕೈ ತೊಳೆದ. ಅಲ್ಲಿಂದ ರಸ್ತೆ ನೇರಕ್ಕೆ ಕಾಣುತ್ತಿತ್ತು. ಸೀದಾ ಹೋಗಿ ತಾಯಿಯ ಜೊತೆ ಎರಡು ಗಂಟೆಯ ಬಸ್ಸು ಹತ್ತಿದ. ತಿರುಗಿ ನೋಡಲಿಲ್ಲ.

ಬಸ್ಸು ಕೆರೆ ಬಳಸಿಕೊಂಡು ಆರು ಕಿಲೋಮೀಟರು ಹೋಗಿತ್ತು. ಮುನಿನಂಜಮ್ಮ ಕಣ್ಣೊರೆಸಿಕೊಂಡು ಮಗನ ಹೆಗಲು ನೋಡಿದಳು. ಚೀಲ ಚಪ್ಪಟೆಯಾಗಿತ್ತು.

"ಲೇ! ಚಪ್ಪಲಿ ಎಲ್ಲೋ?"

"ಅನಸೂಯ ನೋಡ್ಕೋತಾ ಇದಾಳೆ. ನೀವು ಬರೋವರೆಗೂ ನೋಡ್ಕೊಂಡಿರ್ತೀನಿ ಅಂದಳು."

"ನೀನೇನಂದೆ?"

"ಹೂಂ ಅಂದೆ."

"ಮತ್ತೆ ಹೋಗಲಿಲ್ಲವೇನೋ?"

"ತಿರುಗಿ ನೋಡಬೇಡ ಅಂದೆಯಲ್ಲಮ್ಮಾ."

ಮುನಿನಂಜಮ್ಮ ಎದ್ದು ನಿಂತು ಕೂಗಿದ ಕೂಗಿಗೆ ಬಸ್ಸು ಗಕ್ಕನೆ ನಿಂತಿತು. ಇಳಿದರು. ಆ ಕಡೆಗೆ ಮುಂದಿನ ಬಸ್ಸು ಆರಕ್ಕೆ. ನಡೆಯಬೇಕು.

"ನಡಿಯೋ ವಾಪಸ್ಸು!"

ಪಿಳ್ಳಪ್ಪ ನಡೆದ. ಆದರೆ ಹಿಂದಕ್ಕೆ ತಿರುಗಿ ನೋಡಬಾರದಲ್ಲ! ಮುಖ ಊರಿನ ಕಡೆ, ಬೆನ್ನು ಕಾರ್ಖಾನೆಯ ಕಡೆ, ಹಿಮ್ಮುಖವಾಗಿ ನಡೆದ.

"ಸರಿಯಾಗಿ ನಡಿಯೋ!"

"ನೀನು ನನ್ನ ತಾಯಿ ಆಗಿರಬೇಕಲ್ಲಮ್ಮಾ!"

ಮುನಿನಂಜಮ್ಮ ಬೈದಳು, ಎಳೆದಳು, ತಿರುಗಿಸಲು ನೋಡಿದಳು. ಅವನು ತಿರುಗಲಿಲ್ಲ. ಕೊನೆಗೆ ಅಂಗಿಯ ತುದಿ ಹಿಡಿದುಕೊಂಡು, "ಹಳ್ಳ ಇದೆ, ಎಡಕ್ಕೆ. ಎಮ್ಮೆ ಬಂತು, ಬಲಕ್ಕೆ," ಎಂದು ಹೇಳುತ್ತ ಆರು ಕಿಲೋಮೀಟರೂ ಕರೆದುಕೊಂಡು ಬಂದಳು. ಎಮ್ಮೆಗಳೂ ನಿಂತು ನೋಡಿದವು.

ಕಾರ್ಖಾನೆ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ ಇತ್ತು. ಬಾಗಿಲಲ್ಲಿ ಅಂಜಿನಪ್ಪ ನಿಂತು ಕೂಗುತ್ತಿದ್ದ. "ಒಳಗೆ ಬಾರೇ! ಅವರು ಆಗಲೇ ಬಸ್ಸು ಹತ್ತಿ ಹೋದರು ಅಂದೆನಲ್ಲ! ಗ್ಲಾಸು ಯಾರು ತೊಳೀತಾರೆ?"

"ಅವರು ಬರಲಿ," ಎಂದಳು ಅನಸೂಯ.

ಪಿಳ್ಳಪ್ಪ ಮೆಟ್ಟಿಲಿಗೆ ಬೆನ್ನು ಮಾಡಿ ನಿಂತಿದ್ದ. ಅವನಿಗೆ ಕಾಣಲಿಲ್ಲ. ಮುನಿನಂಜಮ್ಮ ನೋಡಿದಳು.

ಮೂರನೆಯ ಮೆಟ್ಟಿಲಿಗೆ ಬಿಸಿಲು ಬಂದಿತ್ತು. ಚಪ್ಪಲಿ ಈಗ ಐದನೆಯ ಮೆಟ್ಟಿಲಲ್ಲಿ, ಅನಸೂಯಳ ಪಕ್ಕ, ನೆರಳಿನಲ್ಲಿತ್ತು.