ಗೌಂಡಿ ಗೈಬೂಸಾಬನ ದಾರ

ಬಹಳ ಹಿಂದೆ, ಒಂದೂರಿನಲ್ಲಿ, ಗೈಬೂಸಾಬ ಅಂತ ಒಬ್ಬ ಗೌಂಡಿ ಇದ್ದ. ಎಷ್ಟು ಹಿಂದೆ ಅಂದರೆ ನಾನಿನ್ನೂ ಹುಟ್ಟಿರಲಿಲ್ಲ, ಹಾಗಾಗಿ ಲೋಕಕ್ಕೆ ಹೊತ್ತು ಹೋಗುವುದೇ ಕಷ್ಟವಾಗಿತ್ತು. ಊರು ಕರೀಕಲ್ಲೂರು. ಕಲ್ಲು ಕಡೆದು ಗೋಡೆ ಕಟ್ಟುವುದು ಅವನ ಕಸುಬು. ನನ್ನ ಮುತ್ತಜ್ಜನ ಮುತ್ತಜ್ಜನಿಗೆ ಅವನು ಖಾಸಾ ಸೋದರಮಾವ. ಆದ್ದರಿಂದ ನಾನು ಹೇಳುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ಇದ್ದರೆ ಅದು ನಮ್ಮ ಮನೆತನದ ಸುಳ್ಳು, ಗಟ್ಟಿಮುಟ್ಟಾದದ್ದು.

ಅವನು ಬಂಡೆಯನ್ನು ಒಮ್ಮೆ ದಿಟ್ಟಿಸಿದರೆ ಸಾಕು, ಉಳಿ ಇಡುವ ಮೊದಲೇ ಬಂಡೆ ನಾಚಿ ಎರಡಾಗುತ್ತಿತ್ತಂತೆ. ಗೌಡರಿಗೆ ಅವನು ಕಟ್ಟಿಕೊಟ್ಟ ಕಣಜದ ಸಂದುಗಳಲ್ಲಿ ಇರುವೆಗೆ ದಾರಿ ಸಿಗಲಿಲ್ಲವಂತೆ. ಮೂರು ದಿನ ಸುತ್ತಿದ ಇರುವೆ ಕೊನೆಗೆ ವಾಡೆಯ ಬಾಗಿಲಿಗೆ ಹೋಗಿ ಗೌಡತಿಯ ಹತ್ತಿರವೇ ಕಾಳು ಬೇಡಿತಂತೆ. ಹಾಗಂತಾರಪ್ಪ. ಆ ಇರುವೆಯನ್ನು ನಾನು ಕಂಡಿಲ್ಲ, ಅದರ ಮೊಮ್ಮಕ್ಕಳು ಮಾತ್ರ ಈಗಲೂ ನಮ್ಮನೆ ಸಕ್ಕರೆ ಡಬ್ಬಿಯಲ್ಲಿವೆ.

ಅವನ ಬಳಿ ಒಂದು ದಾರವಿತ್ತು. ಗೋಡೆಯ ನೇರ ಹಿಡಿಯಲು ಗೂಟದಿಂದ ಗೂಟಕ್ಕೆ ಎಳೆದು ಕಟ್ಟುವ ದಾರ. ಅದರ ಮೇಲೆ ಅವನು ಹೊಡೆಯುತ್ತಿದ್ದ ಬಡಾಯಿ ಏಳು ಹಳ್ಳಿಗೆ ಕೇಳುತ್ತಿತ್ತು: “ನನ್ನ ದಾರ ತಪ್ಪೂದಿಲ್ಲ. ತಪ್ಪಿದ್ರ, ಸೂರ್ಯನ ತಪ್ಯಾನ ಅಂತ ತಿಳೀರಿ!”

ಆಗ ನಮ್ಮೂರಲ್ಲಿ ಮಸೂತಿ ಇರಲಿಲ್ಲ. ಬೇವಿನ ಮರದ ಕೆಳಗೇ ನಮಾಜು. ನೆಲಕ್ಕೆ ಹಣೆ ಹಚ್ಚಿ ಎದ್ದರೆ ಹಣೆಗೊಂದು ಬೇವಿನಹಣ್ಣು ಅಂಟಿಕೊಂಡೇ ಬರುತ್ತಿತ್ತು. ಕೊನೆಗೆ ಮನೆಗೊಂದು ಕಲ್ಲು ಕೂಡಿಸಿ ಮಸೂತಿ ಕಟ್ಟೋಣ ಅಂದರು. ಗೌಡರು ಹೊಲದ ಬದುವಿನ ಕಲ್ಲು ಕೊಟ್ಟರು, ಕುಂಬಾರರು ಹಿತ್ತಲ ಮೆಟ್ಟಿಲು ಕಿತ್ತುಕೊಟ್ಟರು. ಸೂಲಗಿತ್ತಿ ಮುದುಕಿ ದಾವಲಬಿಗೆ ಕೊಡಲು ಏನೂ ಇರಲಿಲ್ಲ. ತನ್ನ ಬೀಸುವ ಕಲ್ಲನ್ನೇ ತಲೆಯ ಮೇಲೆ ಹೊತ್ತು ತಂದು ಹಾಕಿದಳು. ಅಂದಿನಿಂದ ನೆರೆಮನೆಗೆ ಹೋಗಿ ಜೋಳ ಬೀಸಿಕೊಂಡಳಂತೆ. ಗೈಬೂಸಾಬ ಆ ಕಲ್ಲನ್ನು ಮಕ್ಕಾದ ಕಡೆಯ ಗೋಡೆಯಲ್ಲಿ, ಇಮಾಮರು ನಿಲ್ಲುವ ಗೂಡಿನ ನೆತ್ತಿಗೇ ಕೂಡಿಸಿದ.

ಆದರೆ ಬುನಾದಿ ಹಾಕಿದ್ದು ಯಾವಾಗ? ಚಳಿಗಾಲದಲ್ಲಿ ಬಂದ ರಂಜಾನಿನಲ್ಲಿ. ಎಡವಟ್ಟಾದದ್ದೇ ಅಲ್ಲಿ ನೋಡಿ. ಮಕ್ಕಾ ಇರುವುದು ಪಡುವಣಕ್ಕೆ, ಸೂರ್ಯ ಮುಳುಗುವುದೂ ಪಡುವಣಕ್ಕೆ. ರೋಜಾ ಹಿಡಿದ ಊರೆಲ್ಲ ಸಂಜೆಯಾದರೆ ಸೂರ್ಯನ ಮೇಲೇ ಕಣ್ಣು ನೆಟ್ಟು ಕೂತಿರುತ್ತಿತ್ತು. ಅವನು ಮುಳುಗಿದ ಜಾಗಕ್ಕೇ ಗೈಬೂಸಾಬ ನೇರ ಹಿಡಿದ. ಬಾಯಲ್ಲಿ ಖರ್ಜೂರ, ಕೈಯಲ್ಲಿ ದಾರ. ಚಳಿಗಾಲದ ಸೂರ್ಯ ಎಡಕ್ಕೆ ಸರಿದು ಮುಳುಗುತ್ತಾನೆ, ಬೇಸಿಗೆಯ ಸೂರ್ಯ ಬಲಕ್ಕೆ ಸರಿದು ಮುಳುಗುತ್ತಾನೆ. ಇದು ನಮ್ಮೂರ ಎಮ್ಮೆಗೂ ಗೊತ್ತು. ಆದರೆ ಹಸಿದ ಹೊಟ್ಟೆಗೆ ಸೂರ್ಯ ಎಲ್ಲಿ ಮುಳುಗಿದ ಅನ್ನುವುದು ಯಾಕೆ ಬೇಕು? ಮುಳುಗಿದನೋ ಇಲ್ಲವೋ, ಅಷ್ಟು ತಿಳಿದರೆ ಸಾಕು.

ಬೇಸಿಗೆಗೆ ಮಸೂತಿ ಎದ್ದು ನಿಂತಿತು. ಎಲ್ಲರೂ ಅದರಲ್ಲಿ ನಮಾಜು ಮಾಡತೊಡಗಿದರು. ಒಂದು ಸಂಜೆ ಗೈಬೂಸಾಬ ಕಟ್ಟೆಯ ಮೇಲೆ ಕೂತು ತನ್ನ ಗೋಡೆಯನ್ನು ತಾನೇ ಮೆಚ್ಚಿಕೊಳ್ಳುತ್ತಿದ್ದ. ನೋಡುತ್ತಾನೆ, ಸೂರ್ಯ ಗೂಡಿನ ನೇರಕ್ಕಿಲ್ಲ! ಅಷ್ಟು ದೂರ, ಗೋಡೆಯ ಬಲಮೂಲೆಯ ಹತ್ತಿರ ಮುಳುಗುತ್ತಿದ್ದಾನೆ. ಯಾರಿಗೂ ಹೇಳದೆ ಮೂರು ದಿನ ನಡೆದು ಪಟ್ಟಣಕ್ಕೆ ಹೋದ. ಅಲ್ಲಿ ನಕ್ಷತ್ರ ಬಲ್ಲವರು ದಿಕ್ಕು ಹಿಡಿದು ಕಟ್ಟಿಸಿದ ಹಳೆಯ ದೊಡ್ಡ ಮಸೂತಿಯಿತ್ತು. ಅಲ್ಲಿ ಸೂರ್ಯ ಗೂಡಿನ ನೇರಕ್ಕೇ ಇಳಿದು, ನಾಲ್ಕೇ ಬೆರಳು ಬಲಕ್ಕೆ ಮುಳುಗಿದ. ಗೈಬೂಸಾಬ ದಾರ ಹಿಡಿದು ನೋಡಿದ. ಕಣ್ಣೊರೆಸಿಕೊಂಡು ಮತ್ತೆ ನೋಡಿದ. ತಪ್ಪು ತನ್ನದೇ.

ಈ ತಪ್ಪು ಗೊತ್ತಿದ್ದದ್ದು ಅವನಿಗೊಬ್ಬನಿಗೆ, ಮತ್ತೆ ಮೇಲಿರುವ ಆ ಒಬ್ಬನಿಗೆ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿದೇ ಹೋಗುತ್ತಿತ್ತು. ಬಾಯಿ ಬಿಟ್ಟರೆ ಏಳು ಹಳ್ಳಿಯಲ್ಲಿ ಗಳಿಸಿದ ಹೆಸರು ಹೋಗುತ್ತದೆ, ಮನೆಮನೆಯವರು ಕೊಟ್ಟ ಕಲ್ಲು ಮತ್ತೆ ಮಣ್ಣಿಗೆ ಬೀಳುತ್ತದೆ. ನಾನಾಗಿದ್ದರೆ ಮುಚ್ಚಿಕೊಂಡೇ ಇರುತ್ತಿದ್ದೆ. ಅದಕ್ಕೇ ನನ್ನ ಕಥೆ ಯಾರೂ ಹೇಳುವುದಿಲ್ಲ.

ಶುಕ್ರವಾರ ಜುಮ್ಮಾ ನಮಾಜಿಗೆ ಊರು ಕೂಡಿತು. ಗೈಬೂಸಾಬ ಹಾರೆ ಹಿಡಿದು ಬಂದು, ಗೂಡಿನ ಮುಂದೆ ನಿಂತು, ಗೋಡೆ ಸೊಟ್ಟ ಬಂದಿದೆ, ಕಟ್ಟಿದವನೇ ಕೆಡವುತ್ತೇನೆ ಅಂದ.

ಹತ್ತಿ ಹಿಂಜುವ ಬುಡ್ಡೇಸಾಬ ಅವನ ಜೀವದ ಗೆಳೆಯ. “ಲೇ ಗೈಬೂ, ದಾರ ತಪ್ಪಿದ್ರ ಸೂರ್ಯ ತಪ್ಯಾನ ಅಂತ ನೀನ ಹೇಳಿದ್ದೆಲ್ಲೋ! ಆಂವನ ಮ್ಯಾಲ ಹಾಕಿ ಕೈ ತೊಳಕೋ” ಅಂದ. ಎಲ್ಲರೂ ನಕ್ಕರು. ಗೈಬೂಸಾಬ ನಗಲಿಲ್ಲ.

“ಸೂರ್ಯ ತನ್ನ ಹಾದ್ಯಾಗ ಹೊಂಟಾನ. ತಪ್ಪಿದಾಂವ ನಾ” ಅಂದು ಹಾರೆ ಎತ್ತಿದ. ಮೊದಲ ಏಟು ಬೀಳಬೇಕಾದದ್ದು ದಾವಲಬಿಯ ಬೀಸುವ ಕಲ್ಲಿಗೇ.

ನಮಾಜಿನವರಿಗೆಂದು ಮಜ್ಜಿಗೆ ಗಡಿಗೆ ಹೊತ್ತು ಬಂದಿದ್ದ ದಾವಲಬಿ ಬಾಗಿಲಲ್ಲೇ ಗುಡುಗಿದಳಂತೆ: “ಏ ಗೈಬ್ಯಾ! ನೀನೂ ಕಾಲು ಮುಂದ ಮಾಡಿ ಅಡ್ಡಾತಿಡ್ಡಿ ಹುಟ್ಟಿದಾಂವನ. ಹೆರಿಗಿ ಮಾಡಿಸಿದಾಕಿ ನಾನ. ನಿಮ್ಮವ್ವ ನಿನ್ನ ತಿಪ್ಪಿಗೆ ಒಗದಳೇನು? ಇಳಸೋ ಹಾರಿ! ಗ್ವಾಡಿ ಸೊಟ್ಟ ಆದ್ರ ಏನಾತು? ನೀವು ನೆಟ್ಟಗ ನಿಂದರ್ರಿ.”

ನಮಾಜು ಮಾಡಿಸುವ ಮುಲ್ಲಾಸಾಹೇಬರು ಗಡ್ಡ ನೀವಿಕೊಂಡರು. ತಿಳಿಯದೆ ಮಾಡಿದ ನಮಾಜು ದೇವರಿಗೆ ಮುಟ್ಟಿದೆ, ತಿಳಿದ ಮೇಲೂ ತಿರುಗದಿದ್ದರೆ ಮಾತ್ರ ತಪ್ಪು ಅಂದರು. ತಾನು ನಾಲ್ಕು ಕಿತಾಬು ತೆರೆದು ಹೇಳಬೇಕಾದದ್ದನ್ನು ಈಯಮ್ಮ ಗಡಿಗೆ ಇಳಿಸುವುದರೊಳಗೆ ಹೇಳಿಬಿಟ್ಟಳು ಅಂತಲೂ ಅಂದರು. ಅವತ್ತು ಊರಿಗೂರೇ ಬಲಕ್ಕೆ ಹೊರಳಿ ನಿಂತಿತು. ಹಾರೆ ಕೆಳಗಿಟ್ಟ ಗೈಬೂಸಾಬ ಕೊನೆಯ ಸಾಲಿನಲ್ಲಿ ಅಳುತ್ತ ನಿಂತಿದ್ದನಂತೆ.

ಆಮೇಲೆ ಅವನು ನೆಲದ ಹಾಸುಗಲ್ಲನ್ನೆಲ್ಲ ಕಿತ್ತು, ಒಂದೊಂದನ್ನೂ ಓರೆಯಾಗಿ ಕಡೆದು, ಮಕ್ಕಾದ ನೇರಕ್ಕೆ ಹೊಸದಾಗಿ ಹಾಸಿದ. ನಲವತ್ತು ದಿನ ಒಂದೇ ಒಂದು ಬಡಾಯಿ ಹೊಡೆಯಲಿಲ್ಲ. ಊರಿಗೆ ಊಟ ಸೇರದಾಯಿತು. ಒಂದಾದರೂ ಬಿಡೋ ಮಾರಾಯ ಅಂತ ಗೌಡರೇ ಬೇಡಿಕೊಂಡರಂತೆ. ಕೊನೆಯ ಕಲ್ಲು ಕೂಡಿಸಿ ಅವನು ಮೀಸೆ ತಿರುವಿದ: “ನೆಟ್ಟಗಿನ ಮಸೂತಿ ಯಾರರ ಕಟ್ತಾರ. ಸೊಟ್ಟ ಗ್ವಾಡ್ಯಾಗ ನೆಟ್ಟಗಿನ ನೆಲ ಹಾಸೂದು ಈ ಗೈಬೂಸಾಬಗ ಅಷ್ಟ ಬರ್ತೈತಿ!” ಅವತ್ತು ಊರಿಗೆಲ್ಲ ಸಿಹಿ ಹುಗ್ಗಿ.

ಓರೆ ಸಾಲುಗಳಿಂದಾಗಿ ಬಾಗಿಲ ಬಳಿ ಮೂರು ಮೂಲೆಯ ಒಂದಿಷ್ಟು ಜಾಗ ಉಳಿಯಿತು. ಅದು ಗೈಬೂಸಾಬನ ಮೂಲೆ. ಇಂದಿಗೂ ಅಲ್ಲಿ ನೀರಿನ ಗಡಿಗೆ ಇರುತ್ತದೆ, ಶುಕ್ರವಾರ ಮಜ್ಜಿಗೆ ಇರುತ್ತದೆ. ದಣಿದು ಬಂದವನು ಯಾವ ಜಾತಿಯವನೇ ಇರಲಿ, ಅಲ್ಲಿ ಕಾಲು ಚಾಚುತ್ತಾನೆ. ಸುತ್ತಲ ಏಳು ಹಳ್ಳಿಯಲ್ಲಿ, ಮನೆಯಿರಲಿ, ಗುಡಿಯಿರಲಿ, ದಾರ ಕಟ್ಟಿದ ಗೌಂಡಿ ಮೂರು ಮಂದಿಯನ್ನು ಕರೆದು, “ಗೈಬೂಸಾಬಂದ ತಪ್ಪಿತ್ತು, ನನ್ನದೂ ಒಂಚೂರು ನೋಡ್ರಿ” ಅನ್ನದೆ ಬುನಾದಿ ಹಾಕುವುದಿಲ್ಲ.

ಇನ್ನು ಮಸೂತಿಗೆ ಪರಊರಿನವರು ಯಾರಾದರೂ ಬಂದು, ಗೊತ್ತಿಲ್ಲದೆ ಗೋಡೆಯ ನೇರಕ್ಕೆ ನಿಂತುಬಿಟ್ಟರೆ, ನಾವು ಯಾರೂ ಸೊಲ್ಲೆತ್ತುವುದಿಲ್ಲ. ಪಕ್ಕದಲ್ಲಿ ನಿಂತವನು ಅವರ ಮೊಣಕೈ ಹಿಡಿದು ಮೆಲ್ಲಗೆ ಒಂದಿಷ್ಟು ಬಲಕ್ಕೆ ತಿರುಗಿಸುತ್ತಾನೆ.