ಮೂರು ಗೇಮ್ ಮಷೀನು ಕಾರವಾರಕ್ಕೆ ಹೋದದ್ದು

ನಗು ಬಂದವರು ನಗಿ, ನಾನು ಬೇಡ ಅನ್ನುವುದಿಲ್ಲ. ಆದರೆ ನೀಲವ್ವನ ಮುಖ ಕಣ್ಣಮುಂದೆ ಇಟ್ಟುಕೊಂಡು ನಗಿ.

ಗದಗಿನ ಬಸ್ ಸ್ಟ್ಯಾಂಡಿನ ಹಿಂದೆ ನೀಲವ್ವನದು ಒಂದು ಗೇಮ್ ಅಂಗಡಿ. ಫೋನು ಇನ್ನೂ ಎಲ್ಲರ ಮನೆಗೆ ಬಂದಿರದ ಕಾಲ. ಗಂಡ ತೀರಿಹೋಗುವಾಗ ಬಿಟ್ಟುಹೋದದ್ದು ಎರಡು: ಆಳೆತ್ತರದ ಮೂರು ವಿಡಿಯೋ ಗೇಮ್ ಮಷೀನು, ಮತ್ತು ಮೂವತ್ತು ತುಂಬಿದ ಮಗ ಗುರುಪಾದ. ಮಷೀನಿಗೆ ನಾಣ್ಯ ಹಾಕಿದರೆ ಗಾಜಿನೊಳಗೆ ವಿಮಾನ ಹಾರುತ್ತಿತ್ತು. ಗುರುಪಾದನಿಗೆ ಮಾತು ಹಾಕಿದರೆ, ಹೇಳಿದ್ದು ಹೇಳಿದಂತೆಯೇ ಆಗುತ್ತಿತ್ತು. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆ ಇಲ್ಲ.

ರಸ್ತೆ ಅಗಲ ಮಾಡಲು ಅಂಗಡಿ ಕೆಡವುತ್ತಾರೆಂದು ನೋಟೀಸು ಬಂತು. ಕಾರವಾರದಲ್ಲಿದ್ದ ನೀಲವ್ವನ ತಮ್ಮ ಶೇಖಪ್ಪ, ಸಮುದ್ರದ ಹತ್ತಿರ ಒಂದು ಖೋಲಿ ಇದೆ, ಬಾ ಅಕ್ಕಾ ಎಂದು ಕಾಗದ ಬರೆದ. ಮಷೀನುಗಳು ಅಲ್ಲಿ ನೆಟ್ಟಗೆ ನಿಂತರೆ ತಾಯಿ ಮಗನ ಒಲೆ ಉರಿಯುತ್ತದೆ. ಇಲ್ಲದಿದ್ದರೆ ಇಲ್ಲ.

"ತಮ್ಮಾ, ಒಂದೊಂದ ಕಳಸೂಣು. ಲಗೂನ ಮುಟ್ಟಸೋ ಟ್ರಾನ್ಸ್‌ಪೋರ್ಟ್ ನೋಡು" ಅಂದಳು ತಾಯಿ, ಮಗನಿಗೆ.

ಅವ್ವ ಹೇಳಿದಳು, ಗುರುಪಾದ ಕೇಳಿದ, ಹೊರಟ.

ಲಾರಿ ನಿಲ್ಲುವಲ್ಲಿ ಒಬ್ಬೊಬ್ಬರನ್ನೇ ಕೇಳಿದ. ಒಬ್ಬ ನಾಳೆ ಅಂದ, ಒಬ್ಬ ನಾಳಿದ್ದು ಅಂದ. ಮತ್ತೊಬ್ಬ ಮೀಸೆ ತಿರುವಿ, "ಇಲ್ಲಿ ನಾಷ್ಟಾ ಮಾಡಿ ಹತ್ತಿದರ ಸಂಜಿ ಚಾ ಕಾರವಾರದಾಗ" ಅಂದ. ಗುರುಪಾದ ಅವನನ್ನೇ ಆರಿಸಿದ. ಮಷೀನಿನ ಜೊತೆ ತಾನೂ ಹೋಗಿ, ಮರುದಿನವೇ ವಾಪಸು ಬಂದ.

"ಮುಟ್ಟಿತೇನೋ?"

"ಲಗೂನ ಮುಟ್ಟೇತಿ ಅವ್ವಾ. ರೋಡಿನ ಮೊದಲನೇ ಹಂಪಿನ್ಯಾಗ ಗಾಜು ಒಡೀತು. ಆದರ ಲಗೂನ ಮುಟ್ಟೇತಿ."

ನೀಲವ್ವ ಹಣೆ ಹಣೆ ಬಡಿದುಕೊಂಡಳು. "ಗಾಜಿನ ಪುಡಿ ಲಗೂನ ಮುಟ್ಟಿದರ ಏನ ಬಂತೋ ಹುಚ್ಚಪ್ಪಾ? ಒಡಿಯೋ ಸಾಮಾನಿಗೆ ನಿಧಾನ ಹೋಗೋರು ಬೇಕು. ಈ ಸಲ ನಿಧಾನದವರನ್ನ ಹುಡುಕು."

ಅವ್ವ ಹೇಳಿದಳು, ಗುರುಪಾದ ಕೇಳಿದ, ಹೊರಟ.

ಒಂದು ಆಫೀಸಿನವರು ಮೂರು ದಿನ ಅಂದರು. ತಲೆ ಅಲ್ಲಾಡಿಸಿದ. ಇನ್ನೊಂದು ಆಫೀಸಿನವರು ಒಂದು ವಾರ ಅಂದರು. ಅದಕ್ಕೂ ತಲೆ ಅಲ್ಲಾಡಿಸಿದ. ಕಡೆಗೆ ಸಂತೆ ಮಾಳದಲ್ಲಿ ಮುದಿ ಎತ್ತುಗಳ ಚಕ್ಕಡಿಯವನೊಬ್ಬ ಸಿಕ್ಕ. "ಎಂದ ಮುಟ್ಟತೈತಿ?" ಎಂದು ಕೇಳಿದರೆ, "ಎತ್ತು ಮನಸ ಮಾಡಿದಾಗ" ಅಂದ. ಗುರುಪಾದನಿಗೆ ಬಹಳ ಸಮಾಧಾನವಾಯಿತು.

ಇಪ್ಪತ್ತಮೂರು ದಿನ! ನೀಲವ್ವ ದಿನಾ ಬಾಗಿಲಲ್ಲಿ ಕೂತು ಹಾದಿ ಕಾದಳು. ಸೊರಗಿ ಬಂದ ಮಗ ಹೇಳಿದ, "ಭಾಳ ನಿಧಾನ ಹೋತು ಅವ್ವಾ. ಗಾಜಿಗೆ ಏನೂ ಆಗಿಲ್ಲ. ಘಟ್ಟದಾಗ ಒಂಬತ್ತ ದಿನ ಮಳಿ. ಪೆಟ್ಟಿಗಿ ನೆನದು ಉಬ್ಬಿ, ಒಳಗಿನ ತಂತಿಯೆಲ್ಲಾ ತುಕ್ಕು."

ಈ ಸಲ ಅವಳು ಬೈಯಲೂ ಇಲ್ಲ. ಮಗನನ್ನು ಎದುರಿಗೆ ಕೂಡಿಸಿಕೊಂಡು ಹೇಳಿದಳು.

"ಉಳಿದದ್ದು ಒಂದ ಐತಿ ತಮ್ಮಾ. ಲಗೂ, ನಿಧಾನ ಎರಡೂ ಬಿಡು. ಮ್ಯಾಲೆ ಮುಚ್ಚಿಗಿ ಇರಬೇಕು. ಮಲಗಿಸಿ ಒಯ್ಯಬೇಕು. ನಾಕು ಮಂದಿ ಕೈಹಚ್ಚಿ ಮೆತ್ತಗ ಇಳಿಸಬೇಕು. ಇಲ್ಲೀತನಕ ಒಬ್ಬರೂ ತಕರಾರು ಮಾಡಿರಬಾರದು. ಅಂಥವರನ್ನ ನೋಡು."

ಇದಕ್ಕಿಂತ ಒಳ್ಳೆಯ ಬುದ್ಧಿಮಾತನ್ನು ನಾನಾಗಲಿ ನೀವಾಗಲಿ ಹೇಳಲು ಸಾಧ್ಯವಿಲ್ಲ. ಗುರುಪಾದ ನೇರವಾಗಿ ಊರಿನ ಒಳ್ಳೆಯ ಟ್ರಾನ್ಸ್‌ಪೋರ್ಟ್ ಆಫೀಸಿಗೇ ಹೋದ. ಅಲ್ಲಿನ ಗುಮಾಸ್ತ ಸತ್ಯವಂತ. "ಹನ್ನೆರಡು ವರ್ಷದಾಗ ಮೂರು ತಕರಾರು ಬಂದಾವ್ರೀ. ಅಂದಿನಿಂದ ಸುತ್ತ ಕಟಗಿ ಚೌಕಟ್ಟು ಬಡದು, ಹುಲ್ಲು ತುಂಬಿ ಒಯ್ತೀವಿ" ಅಂದ.

"ಒಂದೂ ಇರಬಾರದ್ರೀ. ನಮ್ಮವ್ವ ಹೇಳ್ಯಾಳ" ಎಂದು ಗುರುಪಾದ ಕೈಮುಗಿದು ಎದ್ದುಬಂದ.

ದೊಡ್ಡ ಆಸ್ಪತ್ರೆಯ ಗೇಟಿನ ಬಳಿ ಒಂದು ಗಾಡಿ ನಿಂತಿತ್ತು. ಮೇಲೆ ಮುಚ್ಚಿಗೆ, ಒಳಗೆ ಮಲಗಿಸುವ ಹಲಗೆ. ಡ್ರೈವರ್ ಯಮನೂರಪ್ಪ ಬೀಡಿ ಸೇದುತ್ತಿದ್ದ.

"ಯಾರರೆ ತಕರಾರು ಮಾಡ್ಯಾರೇನ್ರೀ?"

ಯಮನೂರಪ್ಪ ಯೋಚಿಸಿ ಹೇಳಿದ, "ಹದಿನೆಂಟು ವರ್ಷ ಆತು. ನನ್ನ ಗಾಡ್ಯಾಗ ಮಲಗಿ ಹೋದವರು ಒಬ್ಬರೂ ತಕರಾರು ಮಾಡಿಲ್ಲಪಾ."

ನೀಲವ್ವ ಮಷೀನಿಗೆ ತನ್ನ ಕೌದಿ ಸುತ್ತಿದಳು. ಅದರ ಮೇಲೆ ತನ್ನ ಇಳಕಲ್ಲು ಸೀರೆ ಸುತ್ತಿ ಹಗ್ಗ ಬಿಗಿದಳು. "ನಾ ಬರೋತನಕ ಯಾರಿಗೂ ಬಿಚ್ಚಾಕ ಕೊಡಬ್ಯಾಡ. ನಿನ್ನ ಬುದ್ಧಿ ಓಡಸಬ್ಯಾಡ, ಸುಮ್ಮನ ಮಾವ ಹೇಳಿದಂಗ ಮಾಡು. ನಾ ಎರಡು ದಿನ ಬಿಟ್ಟು ಬಸ್ಸಿಗೆ ಬರ್ತೀನಿ" ಎಂದು ಹೇಳಿ, ಅಂಗಡಿಯ ಕೀಲಿ ಕೊಡಲು ಮುನಸಿಪಾಲಿಟಿಗೆ ಹೋದಳು. ಗಾಡಿ ಬಂದದ್ದನ್ನು ಅವಳು ನೋಡಲೇ ಇಲ್ಲ.

ಕಾರವಾರದಲ್ಲಿ ಶೇಖಪ್ಪನ ಮನೆಮುಂದೆ ಹೆಣದ ಗಾಡಿ ನಿಂತಿತು. ಒಳಗೆ ಅಕ್ಕನ ಕೌದಿ, ಅಕ್ಕನ ಸೀರೆ. ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತ ಅಳಿಯ. ಶೇಖಪ್ಪ ಅಂಗಳದಲ್ಲೇ ಕುಸಿದು ಕೂತ.

"ಒಮ್ಮೆ ಮಾರಿ ತೋರಸೋ" ಎಂದು ಬೇಡಿಕೊಂಡ.

"ಬಿಚ್ಚಬಾರದು ಅಂತ ಅವ್ವ ಹೇಳ್ಯಾಳ ಮಾವಾ."

ಕಡೆಯ ಮಾತನ್ನು ಯಾರು ಮೀರುತ್ತಾರೆ? ಯಾರೂ ಬಿಚ್ಚಲಿಲ್ಲ. ನಾಲ್ಕು ಮಂದಿಯಿಂದ ಏಳದೆ ಎಂಟು ಮಂದಿ ಹೆಗಲು ಕೊಟ್ಟರು. ಶೇಖಪ್ಪ ಬಿಕ್ಕಳಿಸುತ್ತ, "ಎಷ್ಟು ಭಾರ ಹೊತ್ತು ಬದುಕಿದ್ದಿ ನನ್ನವ್ವಾ" ಅಂದ. ಗುರುಪಾದನ ಕಡೆ ತಿರುಗಿ, "ಅಳಪಾ, ಅತ್ತುಬಿಡು" ಅಂದ. ಮಾವ ಹೇಳಿದ, ಗುರುಪಾದ ಅತ್ತ. "ಮೂರು ಹಿಡಿ ಮಣ್ಣು ಹಾಕು" ಅಂದ. ಹಾಕಿದ.

ಮೂರನೆಯ ದಿನ ನೀಲವ್ವ ಬಸ್ಸಿಳಿದು, ಗಂಟು ಹೊತ್ತು ತಮ್ಮನ ಮನೆಗೆ ಬಂದಳು. ಅಂಗಳದ ತುಂಬ ಮಂದಿ. ಅವಳನ್ನು ನೋಡಿದ್ದೇ ತಮ್ಮನ ಹೆಂಡತಿ ಚೀರಿಕೊಂಡು ಒಳಗೋಡಿದಳು. ಶೇಖಪ್ಪ ಅಕ್ಕನ ಕೈ ಮುಟ್ಟಿ ನೋಡಿದ, ಮತ್ತೆ ಮುಟ್ಟಿ ನೋಡಿದ. ಆಮೇಲೆ ಬಿಗಿಯಾಗಿ ಹಿಡಿದುಕೊಂಡು ಜೋರಾಗಿ ಅಳತೊಡಗಿದ. ತನ್ನ ಸಲುವಾಗಿ ಲೋಕದಲ್ಲಿ ಇಷ್ಟು ಅಳುವವರಿದ್ದಾರೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಅವಳು ಮಾತ್ರ ಅತ್ತಿತ್ತ ನೋಡಿ ಮಗನನ್ನು ಕೇಳಿದಳು, "ತಮ್ಮಾ, ಮಷೀನು?"

ಗುರುಪಾದನ ಮುಖ ಅರಳಿತು. ಹುಟ್ಟಿದಾಗಿನಿಂದ ಮೊದಲ ಸಲ ಅವನು ಎಲ್ಲವನ್ನೂ ಸರಿಯಾಗಿ ಮಾಡಿದ್ದ.

"ಒಂದ ಗೀರೂ ಬಿದ್ದಿಲ್ಲ ಅವ್ವಾ. ಎಂಟು ಮಂದಿ ಹೊತ್ತು, ಮೆತ್ತಗ ಇಳಿಸಿ, ಮ್ಯಾಲೆ ಯಾರೂ ಮುಟ್ಟಬಾರದಂತ ಆರಡಿ ಮಣ್ಣು ಹಾಕ್ಯಾರ."